ಬರೆದವರೇ ಮಳಿಗೆಯಲ್ಲಿ ನಿಂತಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿರಸಿಯಲ್ಲಿದ್ದುಕೊಂಡು ಕನ್ನಡದಲ್ಲಿ ಮಾಯಾಲೋಕದ (ಫ್ಯಾಂಟಸಿ) ಕಥೆಗಳನ್ನೂ ಪತ್ತೇದಾರಿ ಕಾದಂಬರಿಗಳನ್ನೂ ಬರೆಯುತ್ತೇನೆ. ಪ್ರಕಾಶಕರಿಲ್ಲ. ಅಚ್ಚು ಹಾಕಿಸುವವಳೂ ನಾನೇ, ಹೊತ್ತುಕೊಂಡು ಹೋಗಿ ಮಾರುವವಳೂ ನಾನೇ. ಬೆಂಗಳೂರಿನ ಕಾಮಿಕ್ ಕಾನ್‌ನಿಂದ ಹಿಡಿದು ನಮ್ಮೂರ ಮಾರಿಕಾಂಬಾ ಜಾತ್ರೆಯವರೆಗೆ, ಮೇಜು ಹಾಕಲು ಜಾಗ ಸಿಕ್ಕಲ್ಲೆಲ್ಲ ನಿಂತಿದ್ದೇನೆ. ಓದುಗರು, ಅವರಿಗಿಂತ ಹೆಚ್ಚಾಗಿ ಮೊದಲ ಪುಸ್ತಕದ ಕನಸು ಹೊತ್ತ ಹೊಸ ಲೇಖಕರು, ಒಂದೇ ಬಗೆಯ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಮಳಿಗೆಯ ಗಡಿಬಿಡಿಯಲ್ಲಿ ಅರ್ಧ ಉತ್ತರ ಕೊಟ್ಟು ಕಳಿಸಲು ನನಗೆ ಮನಸ್ಸಾಗುವುದಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಅಂಗಡಿಗೆ ಕೊಟ್ಟರೆ ಅವರೇ ಮಾರುತ್ತಾರಲ್ಲ, ನೀವೇಕೆ ದಿನವಿಡೀ ನಿಲ್ಲುತ್ತೀರಿ?

ಮೊದಲು ಲೆಕ್ಕ ನೋಡೋಣ. 200 ಪುಟಗಳ ಕಾದಂಬರಿ, ಮುಖಬೆಲೆ 200 ರೂಪಾಯಿ, ಅಚ್ಚಿನ ಖರ್ಚು ಪ್ರತಿಗೆ 70 ರೂಪಾಯಿ ಎಂದು ಹಿಡಿಯಿರಿ. ವಿತರಕರ ಮೂಲಕ ಅಂಗಡಿಗೆ ಹೋದರೆ ಮುಖಬೆಲೆಯಲ್ಲಿ ಶೇ 40ರವರೆಗೂ ಅವರ ಪಾಲಾಗುತ್ತದೆ. ಉಳಿದ 120ರಲ್ಲಿ ಅಚ್ಚಿನ ಖರ್ಚು ಕಳೆದರೆ ನನಗೆ 50. ಅದೂ ಪುಸ್ತಕ ಖರ್ಚಾಗಿ, ಲೆಕ್ಕ ಮುಗಿದು, ಹಣ ಕೈಸೇರುವ ಹೊತ್ತಿಗೆ ವರ್ಷ ತಿರುಗಿರುತ್ತದೆ. ಒಬ್ಬ ವಿತರಕರಂತೂ ನನ್ನ ಎರಡನೆಯ ಕಾದಂಬರಿಯ ಲೆಕ್ಕವನ್ನು ಇಂದಿಗೂ ಕೊಟ್ಟಿಲ್ಲ. ಅದೇ ಪ್ರತಿಯನ್ನು ನಾನೇ ಶೇ 10 ರಿಯಾಯಿತಿಯಲ್ಲಿ ಮಾರಿದರೆ ಅಚ್ಚಿನ ಖರ್ಚು ಕಳೆದು 110 ರೂಪಾಯಿ ಅಂದೇ ಕೈಯಲ್ಲಿರುತ್ತದೆ. ಮಳಿಗೆ ಬಾಡಿಗೆ, ಬಸ್ಸು, ಊಟ, ವಸತಿ ಎಲ್ಲವೂ ಅದರಲ್ಲೇ ಕಳೆಯಬೇಕು ಎಂಬುದನ್ನೂ ಮರೆತಿಲ್ಲ.

ಹಣವೊಂದೇ ಕಾರಣವಾಗಿದ್ದರೆ ಇಷ್ಟು ವರ್ಷ ನಿಲ್ಲುತ್ತಿರಲಿಲ್ಲ. ಅಂಗಡಿಯ ಕಪಾಟಿನಲ್ಲಿ ಪುಸ್ತಕದ ಬೆನ್ನು ಮಾತ್ರ ಕಾಣುತ್ತದೆ. ಹೆಸರು ಕೇಳದ ಲೇಖಕಿಯ ಪುಸ್ತಕವನ್ನು ಯಾರೂ ಸಾಲಿನಿಂದ ಎಳೆದು ನೋಡುವುದಿಲ್ಲ. ಮೇಜಿನ ಮೇಲೆ ಅದೇ ಪುಸ್ತಕ ಮುಖ ಮೇಲಾಗಿ ಇರುತ್ತದೆ, ಬರೆದವಳು ಎದುರಿಗೇ ಇರುತ್ತಾಳೆ. ಕನ್ನಡದಲ್ಲಿ ಮಾಯಾಲೋಕದ ಕಥೆ, ಕಡಲಾಚೆಯ ಕಥೆ ಓದಬೇಕೆನ್ನುವವರು ಬೇಕಾದಷ್ಟು ಜನ ಇದ್ದಾರೆ. ಅಂಥ ಪುಸ್ತಕಗಳು ಇವೆ ಎಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ. ಬರೆದವರು ಹೇಳದಿದ್ದರೆ ಇನ್ನಾರು ಹೇಳಬೇಕು?

ಬರೆದವರೇ ಮಾರುವುದು ಸಂಕೋಚದ ಸಂಗತಿಯಲ್ಲವೇ?

ನನಗೆ ಹಾಗೆ ಎಂದೂ ಅನಿಸಿಲ್ಲ. ಕನ್ನಡ ಕಾದಂಬರಿ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿಯ ಕಡೆಗೆ ಮುಖಮಾಡಿದ್ದ ಸೀಮೆಯಲ್ಲಿ ಕನ್ನಡದ ಓದುಗರು ಹುಟ್ಟಿದ್ದು ಅಂಥವರ ನಡಿಗೆಯಿಂದ. ಅವರು ಹಾವೇರಿ ಸೀಮೆಯವರು, ನಮಗೆ ಪಕ್ಕದ ಜಿಲ್ಲೆ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಪುಸ್ತಕ ಮಳಿಗೆಗಳ ಸಾಲಿನಲ್ಲಿ ನಿಂತ ನನಗೆ ನೆನಪಾದದ್ದು ಅವರೇ. ಸಂಕೋಚಪಡುವ ಹೊಸಬರಿಗೆ ನಾನು ಅವರ ಹೆಸರನ್ನೇ ಹೇಳುತ್ತೇನೆ.

ಕಾಮಿಕ್ ಕಾನ್ ಎಂದರೇನು? ಅಲ್ಲಿ ಕನ್ನಡ ಪುಸ್ತಕ ಯಾರಿಗೆ ಬೇಕು?

ಕಾಮಿಕ್ಸ್ ಎಂಬ ಚಿತ್ರಕಥೆ, ಅನಿಮೆ ಎಂಬ ಜಪಾನಿ ಅನಿಮೇಷನ್ ಚಿತ್ರ, ಸಿನಿಮಾ, ಕಂಪ್ಯೂಟರ್ ಆಟ, ಫ್ಯಾಂಟಸಿ ಸಾಹಿತ್ಯ ಇವುಗಳ ಅಭಿಮಾನಿಗಳು ಸೇರುವ ಮೇಳ ಅದು. 1939ರಲ್ಲಿಯೇ ನ್ಯೂಯಾರ್ಕ್‌ನಲ್ಲಿ ವೈಜ್ಞಾನಿಕ ಕಥೆಗಳ ಓದುಗರು ತಮ್ಮ ಮೊದಲ ವಿಶ್ವ ಸಮಾವೇಶ ನಡೆಸಿದ್ದರು. ಎಲ್ಲರಿಗೂ ಗೊತ್ತಿರುವ ಸ್ಯಾನ್ ಡಿಯಾಗೋದ ಮೇಳ 1970ರದು. ಭಾರತಕ್ಕೆ ಕಾಮಿಕ್ ಕಾನ್ ಬಂದದ್ದು 2011ರಲ್ಲಿ, ದೆಹಲಿಗೆ, ಮರುವರ್ಷವೇ ಬೆಂಗಳೂರಿಗೆ. ಬೆಂಗಳೂರಿನ ಮೇಳ ಹಲವು ವರ್ಷ ವೈಟ್‌ಫೀಲ್ಡ್‌ನ ಕೆಟಿಪಿಒ ಸಭಾಂಗಣದಲ್ಲಿ ನಡೆದಿದೆ. ದೊಡ್ಡ ಕಂಪನಿಗಳ ಝಗಮಗಿಸುವ ಮಳಿಗೆಗಳ ನಡುವೆ ಚಿತ್ರಕಾರರಿಗೆ, ಸ್ವತಂತ್ರ ಲೇಖಕರಿಗೆ ಸಣ್ಣ ಮೇಜುಗಳ ಸಾಲೊಂದು ಇರುತ್ತದೆ. ಆರ್ಟಿಸ್ಟ್ ಆಲಿ ಎನ್ನುತ್ತಾರೆ. ನನ್ನ ಜಾಗ ಅದು.

ಅಲ್ಲಿ ಸುತ್ತಲೂ ಇಂಗ್ಲಿಷ್, ಜಪಾನಿ. ಅದರ ಮಧ್ಯೆ ಒಂದು ಕನ್ನಡದ ಫಲಕ ಕಂಡರೆ ಜನ ನಡೆಯುತ್ತಿದ್ದವರು ನಿಲ್ಲುತ್ತಾರೆ. ಹುಬ್ಬಳ್ಳಿ, ದಾವಣಗೆರೆ, ಕುಂದಾಪುರ, ಕಾರವಾರಗಳಿಂದ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು, ಮಕ್ಕಳ ಕೈಹಿಡಿದು ಬಂದ ತಂದೆ ತಾಯಿಯರು. ಒಮ್ಮೆ ಕಪ್ಪು ನಿಲುವಂಗಿ, ಬೆಳ್ಳಿ ಬಣ್ಣದ ಕೂದಲು ಧರಿಸಿದ್ದ ಹುಡುಗನೊಬ್ಬ ನನ್ನ ಪುಸ್ತಕದ ಬೆನ್ನುಡಿಯ ಮೇಲೆ ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸುತ್ತ "ಅ... ಘ... ನಾಶಿನಿ" ಎಂದು ಓದಿದ. "ಮೇಡಂ, ಇದು ಕುಮಟಾ ಹತ್ತಿರದ ಅಘನಾಶಿನಿಯೇ?" ಎಂದು ಕೇಳಿದ. ಅವನ ತಾಯಿಯ ತವರು ಆ ಹೊಳೆಯ ದಂಡೆಯಂತೆ. ಮನೆಯಲ್ಲಿ ಕನ್ನಡ ಮಾತು, ಶಾಲೆಯಲ್ಲಿ ಕನ್ನಡ ಓದಲಿಲ್ಲ. "ಅಮ್ಮ ಓದಿ ಹೇಳುತ್ತಾರೆ" ಎಂದು ಒಂದು ಪ್ರತಿ ಕೊಂಡ. ಮರುವರ್ಷ ಬಂದು ಎರಡನೆಯ ಭಾಗವನ್ನು ಕೇಳಿದ. ಈ ಸಲ ತಾನೇ ಓದುತ್ತೇನೆ ಎಂದ.

ಇಂಥ ಓದುಗರು ಬಹಳ ಇದ್ದಾರೆ. ಕನ್ನಡ ಬರುತ್ತದೆ, ಓದಿನ ರೂಢಿ ತಪ್ಪಿದೆ. ಅವರನ್ನು ಮನಸ್ಸಿನಲ್ಲಿಟ್ಟು ನನ್ನ ಪುಸ್ತಕಗಳಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿದೆ, ಸಾಲುಗಳ ನಡುವೆ ಜಾಗ ಬಿಡಿಸಿದೆ, ಅಧ್ಯಾಯಗಳನ್ನು ಚಿಕ್ಕದು ಮಾಡಿದೆ. ಮೊದಲ ಅಧ್ಯಾಯವನ್ನು ನಾನೇ ಓದಿ ಧ್ವನಿಮುದ್ರಿಸಿ, ಅದರ ಕ್ಯುಆರ್ ಕೋಡ್ ಅನ್ನು ಒಳಪುಟದಲ್ಲಿ ಹಾಕಿಸಿದ್ದೇನೆ. ಕೇಳುತ್ತ ಪುಟದ ಮೇಲೆ ಕಣ್ಣಾಡಿಸಿದರೆ ಓದು ಬೇಗ ಹಿಡಿತಕ್ಕೆ ಸಿಗುತ್ತದೆ. ಕನ್ನಡದ ಲೇಖಕರು ಈ ಮೇಳಗಳಿಗೆ ಹೋಗಲೇಬೇಕು ಎಂದು ನಾನು ಒತ್ತಿ ಹೇಳುವುದು ಇವರಿಗಾಗಿ. ಇವರು ಸಾಹಿತ್ಯ ಸಮ್ಮೇಳನಕ್ಕೆ ಬರುವವರಲ್ಲ.

ಅಲ್ಲಿ ವೇಷ ಹಾಕಿಕೊಂಡು ಬರುತ್ತಾರಂತೆ, ಹೌದೇ?

ಹೌದು, ಮೇಳದ ಕಳೆಯೇ ಅದು. ಮೆಚ್ಚಿನ ಪಾತ್ರಗಳ ವೇಷ ಹಾಕುವುದಕ್ಕೆ ಕಾಸ್‌ಪ್ಲೇ ಎನ್ನುತ್ತಾರೆ. ಶಿರಸಿಯವರಿಗೆ ಇದು ವಿಚಿತ್ರ ಎನಿಸಬಾರದು. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ನಮ್ಮ ಬೀದಿಗಳಲ್ಲಿ ಬೇಡರ ವೇಷ ಹೊರಡುತ್ತದೆ. ಬೆನ್ನಿಗೆ ಕಟ್ಟಿದ ನವಿಲುಗರಿಯ ದೊಡ್ಡ ಹರಹು, ಬಣ್ಣ ಬಳಿದ ಮುಖ, ಕೈಯಲ್ಲಿ ಕತ್ತಿ ಗುರಾಣಿ, ತಮಟೆಯ ಹೊಡೆತ, ಹಿಂದಿನಿಂದ ಹಗ್ಗ ಹಿಡಿದು ತಡೆಯುವ ಇಬ್ಬರು. ಆ ವೇಷ ಕಟ್ಟಲು ಎಷ್ಟು ತಾಸು ಬೇಕು, ಕಟ್ಟಿದವನಿಗೆ ಅದರ ಮೇಲೆ ಎಷ್ಟು ಅಭಿಮಾನ ಎಂದು ನೋಡಿದವರಿಗೆ ಗೊತ್ತು. ಬೆಂಗಳೂರಿನ ಹುಡುಗರು ತಿಂಗಳುಗಟ್ಟಲೆ ಕೂತು ರಟ್ಟು, ಫೋಮು ಅಂಟಿಸಿ ಮಾಡಿದ ಕವಚಕ್ಕೂ ಅದೇ ಮರ್ಯಾದೆ ಕೊಡಬೇಕು. ಕೇಳದೆ ಫೋಟೊ ತೆಗೆಯಬೇಡಿ, ಮುಟ್ಟಬೇಡಿ.

ವೇಷ ಹಾಕಿದವರಿಗೆ ಜೇಬು ಇರುವುದಿಲ್ಲ, ಪುಸ್ತಕ ಹಿಡಿದು ತಿರುಗಲು ಕೈಯೂ ಬಿಡುವಿರುವುದಿಲ್ಲ. "ಸಂಜೆ ಒಯ್ಯುತ್ತೇನೆ" ಎಂದರೆ ಪ್ರತಿಯ ಮೇಲೆ ಹೆಸರಿನ ಚೀಟಿ ಅಂಟಿಸಿ ಮೇಜಿನ ಕೆಳಗೆ ತೆಗೆದಿಡಿ. ಬಹುತೇಕ ಎಲ್ಲರೂ ಬಂದು ಒಯ್ಯುತ್ತಾರೆ.

ಮೇಜು ಸಿಗುವುದು ಹೇಗೆ? ಬಾಡಿಗೆ ಎಷ್ಟು?

ಅಭಿಮಾನಿ ಮೇಳಗಳಿಗೆ ಹಲವು ತಿಂಗಳು ಮೊದಲೇ ಅರ್ಜಿ ಹಾಕಬೇಕು. ನಿಮ್ಮ ಪುಸ್ತಕದ ಮುಖಪುಟ, ಕೆಲವು ಪುಟಗಳು, ನೀವು ಏನು ಮಾರುತ್ತೀರಿ ಎಂಬ ವಿವರ ಕೇಳುತ್ತಾರೆ. ಬಾಡಿಗೆ ಮೇಳದಿಂದ ಮೇಳಕ್ಕೆ, ವರ್ಷದಿಂದ ವರ್ಷಕ್ಕೆ ಬೇರೆಯಾಗುವುದರಿಂದ ಅಂಕಿ ಬರೆಯುವುದಿಲ್ಲ. ಬಾಡಿಗೆಯನ್ನು ನಿಮಗೆ ಪ್ರತಿಯೊಂದರಲ್ಲಿ ಉಳಿಯುವ ಹಣದಿಂದ ಭಾಗಿಸಿ ನೋಡಿ. ಬಾಡಿಗೆ 5,500, ಪ್ರತಿಗೆ ಉಳಿಯುವುದು 110 ಎಂದಾದರೆ ಬಾಡಿಗೆ ತೀರಿಸಲೇ 50 ಪ್ರತಿ ಮಾರಬೇಕು. ಒಂದೇ ಪುಸ್ತಕ ಇರುವವರು ಒಬ್ಬ ಚಿತ್ರಕಾರರ ಜತೆ ಮೇಜು ಹಂಚಿಕೊಳ್ಳುವುದು ಲೇಸು. ಚಿತ್ರ ನೋಡಲು ನಿಂತವರು ಪುಸ್ತಕವನ್ನೂ ನೋಡುತ್ತಾರೆ, ಊಟಕ್ಕೆ ಹೋದಾಗ ಮೇಜು ಕಾಯಲು ಜನವೂ ಇರುತ್ತದೆ.

ಜಾತ್ರೆ, ಉತ್ಸವಗಳಲ್ಲಿ ಪುಸ್ತಕ ಖರ್ಚಾಗುತ್ತದೆಯೇ?

ಆಗುತ್ತದೆ, ಆದರೆ ಒಂದೊಂದು ಜಾಗಕ್ಕೆ ಒಂದೊಂದು ಸ್ವಭಾವ.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ದೇವಿ ಬಿಡಕಿ ಬಯಲಿನ ಗದ್ದುಗೆಯಲ್ಲಿ ಕುಳಿತ ದಿನಗಳಲ್ಲಿ ಶಿರಸಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಗಡಿಯ ಜಾಗ ಹರಾಜಿನಲ್ಲಿ ಹೋಗುತ್ತದೆ. ಬಳೆ, ಪಾತ್ರೆ, ಮಿಠಾಯಿಯವರ ಜತೆ ಒಬ್ಬ ಲೇಖಕಿ ಸವಾಲು ಕೂಗಲು ಆಗುವುದಿಲ್ಲ. ಪರಿಚಯದ ಪುಸ್ತಕ ಮಾರಾಟಗಾರರ ಮಳಿಗೆಯಲ್ಲಿ ಅರ್ಧ ಬೆಂಚು ಕೇಳಿ ಪಡೆಯುತ್ತೇನೆ. ಇಲ್ಲಿ ಕೊಳ್ಳುವವರು ಅಜ್ಜ ಅಜ್ಜಿಯರು. "ತಂಗಿ, ಇದನ್ನು ನೀನೇ ಬರೆದದ್ದೇ?" ಎಂದು ಕೇಳಿ, ಹೌದೆಂದರೆ ಹಿಂದೆ ಮುಂದೆ ತಿರುಗಿಸಿ ನೋಡಿ, ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ಮೊಮ್ಮಗನಿಗೆಂದು ಒಯ್ಯುತ್ತಾರೆ. ಮೊಮ್ಮಗನ ಹೆಸರನ್ನು ಬರೆದು ಸಹಿ ಹಾಕಿಕೊಟ್ಟರೆ ಆ ಪುಸ್ತಕ ಅವನ ಕೈ ಸೇರುವುದು ಖಚಿತ.

ಕಾರವಾರದ ಕರಾವಳಿ ಉತ್ಸವ ಟ್ಯಾಗೋರ್ ಕಡಲತೀರದ ಮಯೂರವರ್ಮ ವೇದಿಕೆಯ ಸುತ್ತ. ಜನ ಸೇರುವುದು ಸೂರ್ಯ ಮುಳುಗಿದ ಮೇಲೆ. ಕೊಂಕಣಿ, ಮರಾಠಿ ಮಾತಾಡುವವರು, ನೌಕಾನೆಲೆಯ ಕುಟುಂಬದವರು ಬಹಳ. ದೊಡ್ಡವರ ಕಾದಂಬರಿಗಿಂತ ಮಕ್ಕಳ ಚಿತ್ರಪುಸ್ತಕ ಇಲ್ಲಿ ಹೆಚ್ಚು ಓಡುತ್ತದೆ. ಕಾಳಿ ಹೊಳೆ, ಸದಾಶಿವಗಡದ ಕೋಟೆ, ಕೂರ್ಮಗಡ ದ್ವೀಪ ಕಥೆಯಲ್ಲಿ ಬಂದರೆ ಊರಿನ ಮಕ್ಕಳು ಪುಸ್ತಕ ಕೆಳಗಿಡುವುದಿಲ್ಲ. ಕಡಲ ಗಾಳಿಗೆ ಎತ್ತರದ ಬ್ಯಾನರ್ ನಿಲ್ಲುವುದಿಲ್ಲ, ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ಮೇಲಿನ ಪ್ರತಿಗಳಿಗೆ ಅಗಲ ರಬ್ಬರ್ ಬ್ಯಾಂಡ್ ಹಾಕಿ.

ಬನವಾಸಿಯ ಕದಂಬೋತ್ಸವದಲ್ಲಿ ಜನ ಕಡಿಮೆ, ಓದುಗರು ಹೆಚ್ಚು. ಪಂಪ ಪ್ರಶಸ್ತಿ ಪ್ರದಾನ ಆಗುವ ವೇದಿಕೆಯಾದ್ದರಿಂದ ಸಾಹಿತ್ಯದ ಮೇಲೆ ಪ್ರೀತಿ ಇಟ್ಟವರೇ ದೂರದಿಂದ ಬರುತ್ತಾರೆ. ಅವರು ಕಥೆಗಿಂತ ಮೊದಲು ಭಾಷೆಯನ್ನು ನೋಡುತ್ತಾರೆ. ಯಾವುದೋ ಪುಟ ತೆರೆದು ಒಂದು ಪ್ಯಾರಾ ಓದಿ ತೀರ್ಮಾನಿಸುತ್ತಾರೆ. ಕರಡು ಸರಿಯಾಗಿ ತಿದ್ದದ ಪುಸ್ತಕ ಅಲ್ಲಿ ಖರ್ಚಾಗುವುದಿಲ್ಲ.

ಮೇಜಿನ ಮೇಲೆ ಏನೇನು ಇರಬೇಕು?

ನೆಲ ಮುಟ್ಟುವ ಒಂದು ಗಾಢ ಬಣ್ಣದ ಹತ್ತಿ ಬಟ್ಟೆ. ಅದರ ಹಿಂದೆ ರಟ್ಟಿನ ಪೆಟ್ಟಿಗೆ, ನೀರಿನ ಬಾಟಲಿ, ಚೀಲ ಎಲ್ಲ ಅಡಗುತ್ತವೆ. ಪುಸ್ತಕವನ್ನು ಮಲಗಿಸಿಟ್ಟರೆ ನಾಲ್ಕು ಹೆಜ್ಜೆ ದೂರದಿಂದ ಏನೂ ಕಾಣುವುದಿಲ್ಲ, ನಿಲ್ಲಿಸಬೇಕು. ನಾನು ಊರಿನ ಬಡಗಿಯಿಂದ ಅಡಿಕೆ ದಬ್ಬೆಯಲ್ಲಿ ಮೂರು ಮೆಟ್ಟಿಲಿನ ಮಡಿಸುವ ಹಲಗೆ ಮಾಡಿಸಿಕೊಂಡಿದ್ದೇನೆ. ಹಗುರ, ಗಟ್ಟಿ, ಬಸ್ಸಿನಲ್ಲಿ ಬೆಂಚಿನ ಕೆಳಗೆ ಹಿಡಿಯುತ್ತದೆ. ಬೆಂಗಳೂರಿನಲ್ಲಿ ಅದನ್ನು ನೋಡಿ "ಇದು ಯಾವ ಮರ?" ಎಂದು ಕೇಳುತ್ತಲೇ ಕೆಲವರು ಮೇಜಿನ ಹತ್ತಿರ ಬರುತ್ತಾರೆ. ಅಲ್ಲಿಂದ ನಮ್ಮ ತೋಟ, ತೋಟದಿಂದ ಕಥೆ ಎಂದು ಮಾತು ಹರಿಯುತ್ತದೆ.

ಬೆಲೆಯನ್ನು ದೊಡ್ಡ ಅಂಕಿಯಲ್ಲಿ ಬರೆದಿಡಿ. ಕೇಳಲು ನಾಚುವವರು ಕೇಳದೆಯೇ ಹೊರಟುಹೋಗುತ್ತಾರೆ. ಒಂದು ಪ್ರತಿಗೆ "ಓದಿ ನೋಡಿ" ಎಂದು ಚೀಟಿ ಹಚ್ಚಿ ಪೂರ್ತಿ ಬಿಟ್ಟುಕೊಡಿ; ಅದು ಮುದುಡಿದರೆ ಚಿಂತೆಯಿಲ್ಲ. ಹಣ ಪಾವತಿಯ ಕ್ಯುಆರ್ ಕೋಡ್ ಎರಡು ಕಡೆ ಇರಲಿ. ದೊಡ್ಡ ಸಭಾಂಗಣದಲ್ಲಿ ಮಧ್ಯಾಹ್ನದ ಹೊತ್ತಿಗೆ ನೆಟ್‌ವರ್ಕ್ ಕೈಕೊಡುವುದು ಇದ್ದದ್ದೇ, ಆದ್ದರಿಂದ ಚಿಲ್ಲರೆ ಹಣವೂ ಇರಲಿ. ಸಹಿ ಹಾಕಲು ಬಾಲ್‌ಪೆನ್ ಸಾಕು. ಹೊಳಪಿನ ಕಾಗದದ ಮೇಲೆ ಜೆಲ್ ಪೆನ್ನಿನ ಶಾಯಿ ಬೇಗ ಆರುವುದಿಲ್ಲ, ಪುಸ್ತಕ ಮುಚ್ಚಿದೊಡನೆ ಎದುರು ಪುಟಕ್ಕೆ ಮೆತ್ತಿಕೊಳ್ಳುತ್ತದೆ.

ಜನ ಎದುರು ಬಂದು ನಿಂತಾಗ ಏನು ಹೇಳುತ್ತೀರಿ?

ಹೇಳುವುದಕ್ಕಿಂತ ಮೊದಲು ಕೇಳುತ್ತೇನೆ: "ನೀವು ಎಂಥ ಕಥೆ ಓದುತ್ತೀರಿ?" ಅವರ ಉತ್ತರದಲ್ಲೇ ನನ್ನ ಉತ್ತರ ಸಿಗುತ್ತದೆ. ಪತ್ತೇದಾರಿ ಎಂದವರ ಕೈಗೆ ಒಂದು ಪುಸ್ತಕ, ಭೂತ ಪಿಶಾಚಿ ಎಂದವರ ಕೈಗೆ ಇನ್ನೊಂದು. ಕಥಾಸಾರ ಹೇಳುತ್ತ ಹೋಗಬೇಡಿ. ಒಂದು ಸಾಲು ಸಾಕು: "ಮೀನುಗಾರರ ದೋಣಿಯೊಂದು ಮೂರು ವರ್ಷದ ನಂತರ ತದಡಿ ಬಂದರಿಗೆ ಖಾಲಿಯಾಗಿ ಮರಳುತ್ತದೆ, ಒಲೆ ಮಾತ್ರ ಬಿಸಿಯಿರುತ್ತದೆ." ಇಷ್ಟು ಹೇಳಿ ಪುಸ್ತಕ ಕೈಗೆ ಕೊಟ್ಟು ಸುಮ್ಮನಾಗುತ್ತೇನೆ. ಓದುವವರ ಮುಖವನ್ನೇ ದಿಟ್ಟಿಸಬಾರದು, ಅವರಿಗೆ ಕಸಿವಿಸಿಯಾಗುತ್ತದೆ.

ನನ್ನ ಪುಸ್ತಕ ಅವರ ರುಚಿಗೆ ಒಗ್ಗದು ಎನಿಸಿದರೆ ಪಕ್ಕದ ಮೇಜಿನ ಲೇಖಕರ ಹತ್ತಿರ ಕಳಿಸುತ್ತೇನೆ. ಅವರೂ ನನ್ನ ಹತ್ತಿರ ಕಳಿಸುತ್ತಾರೆ. ಮೇಳಗಳಲ್ಲಿ ನಾನು ಗಳಿಸಿದ ಗೆಳೆತನಗಳೆಲ್ಲ ಹೀಗೆ ಬೆಳೆದವು. ಮೊಬೈಲ್ ನೋಡುತ್ತ ಕುಳಿತ ಲೇಖಕರ ಮುಂದೆ ಯಾರೂ ನಿಲ್ಲುವುದಿಲ್ಲ ಎಂಬುದನ್ನಂತೂ ಎಲ್ಲ ಹೊಸಬರಿಗೂ ಹೇಳುತ್ತೇನೆ.

ರಿಯಾಯಿತಿ ಕೊಡಬೇಕೇ? ಉಚಿತ ಪ್ರತಿ ಕೇಳಿದರೆ?

ಶೇ 10 ಎಲ್ಲರಿಗೂ ಕೊಡುತ್ತೇನೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸಂಜೆ ಆರು ಗಂಟೆಗೆ ಅರ್ಧ ಬೆಲೆಗೆ ಕೊಟ್ಟರೆ ಬೆಳಿಗ್ಗೆ ಕೊಂಡವರಿಗೆ ಅನ್ಯಾಯ ಮಾಡಿದ ಹಾಗೆ. ಸರ್ಕಾರಿ ಶಾಲೆಯ ಗ್ರಂಥಾಲಯಕ್ಕೆ, ಊರಿನ ವಾಚನಾಲಯಕ್ಕೆ ಸಂತೋಷದಿಂದ ಉಚಿತವಾಗಿ ಕೊಡುತ್ತೇನೆ. ಕೊಳ್ಳುವ ಶಕ್ತಿಯಿದ್ದೂ "ಗೌರವ ಪ್ರತಿ" ಕೇಳುವವರಿಗೆ ನಯವಾಗಿ ಇಲ್ಲ ಎನ್ನಿ.

ಎಷ್ಟು ಪ್ರತಿ ಅಚ್ಚು ಹಾಕಿಸಬೇಕು? ನಮ್ಮ ಮಳೆಗಾಲದಲ್ಲಿ ಅವನ್ನು ಕಾಪಾಡುವುದು ಹೇಗೆ?

ಮೊದಲ ಸಲ 100ರಿಂದ 200 ಪ್ರತಿ ಡಿಜಿಟಲ್ ಮುದ್ರಣ ಮಾಡಿಸಿ. ಪ್ರತಿಗೆ ಖರ್ಚು ಹೆಚ್ಚು ಬಿದ್ದರೂ ಕೈ ಸುಟ್ಟುಕೊಳ್ಳುವುದಿಲ್ಲ. ಬೇಡಿಕೆ ಕಂಡ ಮೇಲೆ, ಹೆಚ್ಚು ಪ್ರತಿಗಳಿಗೆ ಅಗ್ಗವಾಗುವ ಆಫ್‌ಸೆಟ್ ಮುದ್ರಣಕ್ಕೆ ಹೋಗಿ. ಕಾದಂಬರಿಗಳ ಸಾಮಾನ್ಯ ಗಾತ್ರವಾದ ಡೆಮಿ 1/8 ಅಳತೆಯಲ್ಲಿ 16 ಪುಟಗಳ ಫಾರಂ ಲೆಕ್ಕ; ಫಾರಂ ಎಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು. ನಿಮ್ಮ ಪುಸ್ತಕ 193 ಪುಟಕ್ಕೆ ಮುಗಿದರೆ ಮುಂದಿನ ಫಾರಂನ ಖರ್ಚೂ ಬೀಳುತ್ತದೆ. ಒಂದು ಪುಟ ಕತ್ತರಿಸಿ 192ಕ್ಕೆ ತನ್ನಿ. ಗದಗ, ಹುಬ್ಬಳ್ಳಿ, ಬೆಂಗಳೂರು ಎಲ್ಲ ಕಡೆಯ ದರ ಕೇಳಿ ನೋಡಿ.

ನಮ್ಮ ಜಿಲ್ಲೆಯವರಿಗೆ ಮುಖ್ಯವಾದ ಮಾತು ರಕ್ಷಾಪುಟದ್ದು. ಹೊರಮೈಗೆ ಪ್ಲಾಸ್ಟಿಕ್ ಪದರ ಹಚ್ಚಿ ಲ್ಯಾಮಿನೇಷನ್ ಮಾಡುತ್ತಾರೆ, ಒಳಮೈ ಬರಿಯ ಕಾಗದ. ಹಸಿ ಗಾಳಿಯಲ್ಲಿ ಒಳಗಿನ ಕಾಗದ ತೇವ ಹೀರಿ ಹಿಗ್ಗುತ್ತದೆ, ಹೊರಗಿನ ಪ್ಲಾಸ್ಟಿಕ್ ಹಿಗ್ಗುವುದಿಲ್ಲ. ಹೀಗಾಗಿ ರಕ್ಷಾಪುಟ ಹೊರಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಕಾರವಾರದ ಸಂಜೆ ಗಾಳಿಯಲ್ಲಿ ಒಂದು ತಾಸು ಇಟ್ಟರೂ ತುದಿ ಏಳುವುದು ಕಾಣುತ್ತದೆ. ರಕ್ಷಾಪುಟದ ರಟ್ಟಿನ ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಬರುವಂತೆ ಕತ್ತರಿಸಲು ಮುದ್ರಕರಿಗೆ ಮೊದಲೇ ಹೇಳಿ. ಸುರುಳಿ ಬಹಳಷ್ಟು ಕಡಿಮೆಯಾಗುತ್ತದೆ. ಮೇಳದಲ್ಲಿ ಪ್ರದರ್ಶನದ ಪ್ರತಿಗಳನ್ನು ರಾತ್ರಿ ಭಾರದ ಕೆಳಗೆ ಇಟ್ಟು ಬೆಳಿಗ್ಗೆ ತೆಗೆಯಿರಿ.

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 3,000 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಘಟ್ಟದ ಮೇಲೂ ಗೋಡೆಗಳು ಒಸರುತ್ತವೆ. ಪುಸ್ತಕಕ್ಕೆ ಬೂಷ್ಟು ಹಿಡಿಯಲು ಒಂದು ವಾರ ಸಾಕು. ಏಪ್ರಿಲ್ ತಿಂಗಳ ಒಣ ಹವೆಯಲ್ಲಿ ಕಟ್ಟುಗಳನ್ನು ಒಂದು ದಿನ ನೆರಳಲ್ಲಿ ಹರವಿ, ಆಮೇಲೆ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತೇವ ಹೀರುವ ಸಿಲಿಕಾ ಪೊಟ್ಟಣ ಸೇರಿಸಿ ಬಾಯಿ ಮುಚ್ಚಬೇಕು. ಮಳೆ ಶುರುವಾದ ಮೇಲೆ ಮುಚ್ಚಿದರೆ ಒಳಗಿನ ತೇವ ಒಳಗೇ ಉಳಿದು ಇನ್ನೂ ಹಾಳು. ನನ್ನ ಕಟ್ಟುಗಳು ಇರುವುದು ಅಟ್ಟದ ಮೇಲೆ, ಬಚ್ಚಲ ಒಲೆಯ ಬಿಸಿ ತಾಗುವ ಕಡೆ. ನೆಲದ ಮೇಲೆ, ಗೋಡೆಗೆ ತಾಗಿಸಿ ಮಾತ್ರ ಇಡಬೇಡಿ. ಗೆದ್ದಲು ಕೆಳಗಿನ ಕಟ್ಟಿನ ನಡುವಿನಿಂದ ತಿನ್ನುತ್ತ ಬರುತ್ತದೆ, ಹೊರಗೆ ಏನೂ ತೋರುವುದಿಲ್ಲ.

ಪುಸ್ತಕಗಳನ್ನು ಸಾಗಿಸುವುದು ಹೇಗೆ?

70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದ 200 ಪುಟಗಳ ಡೆಮಿ ಪುಸ್ತಕ ಸುಮಾರು 240 ಗ್ರಾಂ ತೂಗುತ್ತದೆ. 40 ಪ್ರತಿಯ ಪೆಟ್ಟಿಗೆ ಎಂದರೆ ಹತ್ತು ಕಿಲೊ. ಒಬ್ಬರು ಎತ್ತಿ ಇಳಿಸಲು ಇದಕ್ಕಿಂತ ದೊಡ್ಡ ಪೆಟ್ಟಿಗೆ ಬೇಡ. ಶಿರಸಿಗೆ ರೈಲಿಲ್ಲ, ರಾತ್ರಿ ಬಸ್ಸೇ ಗತಿ. ಕರಾವಳಿಯವರಿಗೆ ಕಾರವಾರದಿಂದ ಬೆಂಗಳೂರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಅಂಕೋಲಾ, ಕುಮಟಾ, ಹೊನ್ನಾವರದವರೂ ಹತ್ತಬಹುದು. ಬೆಂಗಳೂರಿನಲ್ಲೇ ಅಚ್ಚಾಗುವ ಪುಸ್ತಕವಾದರೆ ಮೇಳಕ್ಕೆ ಬೇಕಾದಷ್ಟನ್ನು ಮುದ್ರಕರಿಂದ ನೇರವಾಗಿ ಸಭಾಂಗಣಕ್ಕೆ ತರಿಸಿಕೊಳ್ಳಿ. ಮಳೆಗಾಲದಲ್ಲಿ ನಾನು ಪುಸ್ತಕ ಸಾಗಿಸುವುದಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ನಮ್ಮ ಘಟ್ಟದ ದಾರಿಗಳಲ್ಲಿ ಆ ತಿಂಗಳುಗಳಲ್ಲಿ ಯಾವ ಮೇಳವೂ ಪ್ರಯಾಣಕ್ಕಿಂತ ದೊಡ್ಡದಲ್ಲ.

ಐಎಸ್‌ಬಿಎನ್, ಜಿಎಸ್‌ಟಿ ಇತ್ಯಾದಿ ಬೇಕೇ?

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಅನ್ನು ಭಾರತದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಲೇಖಕರೇ ಪ್ರಕಾಶಕರಾಗಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಹಣ ಕೇಳುವ ಮಧ್ಯವರ್ತಿಗಳನ್ನು ದೂರ ಇಡಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಪುಸ್ತಕ ಮಾತ್ರ ಮಾರುವವರಿಗೆ ನೋಂದಣಿಯೂ ಬೇಕಿಲ್ಲ. ಪೋಸ್ಟರ್, ಬ್ಯಾಡ್ಜ್, ಟೀ ಶರ್ಟ್ ಸೇರಿಸಿದರೆ ಲೆಕ್ಕ ಬೇರೆ, ಲೆಕ್ಕಪರಿಶೋಧಕರನ್ನು ಕೇಳಿ. 1954ರ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಕಳಿಸಿ, ನಿಮ್ಮ ಪುಸ್ತಕ ಅಲ್ಲಿ ಉಳಿಯುತ್ತದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ, ಚೊಚ್ಚಲ ಕೃತಿಯಾದರೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನಕ್ಕೂ ಪ್ರಕಟಣೆ ಬಂದಾಗ ಅರ್ಜಿ ಹಾಕುವುದನ್ನು ಬಿಡಬೇಡಿ.

ಸಿನಿಮಾ, ಅನಿಮೆ ಪಾತ್ರಗಳನ್ನು ಇಟ್ಟುಕೊಂಡು ಕಥೆ ಬರೆದು ಮಾರಬಹುದೇ?

ಬೇಡ. ಆ ಪಾತ್ರಗಳ ಮೇಲೆ ಬೇರೆಯವರ ಹಕ್ಕಿದೆ. ನಮ್ಮ ಕಾನೂನಿನಲ್ಲಿ ಲೇಖಕರ ಕೃತಿಸ್ವಾಮ್ಯ ಅವರ ಜೀವಿತಕಾಲ ಮತ್ತು ಅದರ ನಂತರ 60 ವರ್ಷ. ಮಹಾಭಾರತದ ಪಾತ್ರಗಳು, ಊರಿನ ದೈವದ ಕಥೆಗಳು, ಅಜ್ಜಿ ಹೇಳಿದ ಕಡಲ ಕಥೆಗಳು ಎಲ್ಲರವು. ಅವುಗಳನ್ನು ನಿಮ್ಮದಾಗಿ ಕಟ್ಟಿ.

ಹೆಂಗಸರು ಒಬ್ಬರೇ ಹೋಗಬಹುದೇ?

ನಾನು ಹೋಗುತ್ತೇನೆ. ವಸತಿಯನ್ನು ಮೇಳದ ಜಾಗಕ್ಕೆ ಹತ್ತಿರವೇ ಹಿಡಿಯಿರಿ, ರಾತ್ರಿ ಮಾರಾಟದ ಹಣ ಹೊತ್ತು ಊರಾಚೆ ಹೋಗುವುದು ಬೇಡ. ಬೆಳಿಗ್ಗೆ ಮೊದಲ ಕೆಲಸವಾಗಿ ಅಕ್ಕಪಕ್ಕದ ಮೇಜಿನವರ ಪರಿಚಯ ಮಾಡಿಕೊಳ್ಳಿ. ದಿನವಿಡೀ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೀರಿ.

ಇದರಿಂದ ಜೀವನ ನಡೆಯುತ್ತದೆಯೇ?

ಇದೊಂದರಿಂದ ನಡೆಯುವುದಿಲ್ಲ. ನಾನು ಬೇರೆಯವರ ಪುಸ್ತಕಗಳ ಕರಡು ತಿದ್ದುತ್ತೇನೆ, ಪುಟವಿನ್ಯಾಸ ಮಾಡಿಕೊಡುತ್ತೇನೆ. ಮೇಳಗಳ ಹಣ ಮುಂದಿನ ಪುಸ್ತಕದ ಅಚ್ಚಿನ ಖರ್ಚು ಕೊಡುತ್ತದೆ. ಅಷ್ಟಾದರೆ ನನಗೆ ಸಾಕು, ಏಕೆಂದರೆ ಸಾಲ ಮಾಡದೆ ಇನ್ನೊಂದು ಕಥೆ ಬರೆಯಬಹುದು. ಒಂದೇ ಮೇಳದಲ್ಲಿ ಗೆಲುವು ಸೋಲು ಅಳೆಯಬೇಡಿ. ಮೊದಲ ವರ್ಷ ಮೇಜಿನ ಮುಂದೆ ಹಾದುಹೋದವರು ಎರಡನೆಯ ವರ್ಷ ನಿಲ್ಲುತ್ತಾರೆ, ಮೂರನೆಯ ವರ್ಷ ಗೆಳೆಯರನ್ನು ಕರೆತರುತ್ತಾರೆ. ಅದೇ ಮೇಳ, ಸಾಧ್ಯವಾದರೆ ಅದೇ ಜಾಗ, ವರ್ಷ ವರ್ಷವೂ ಹಿಡಿಯಿರಿ.

ಮೇಳಕ್ಕೆ ಬರಲಾಗದವರಿಗೆ ಅಂಚೆಯಲ್ಲಿ ಕಳಿಸುತ್ತೀರಾ?

ಕಳಿಸುತ್ತೇನೆ. ಪುಸ್ತಕಗಳನ್ನು ಕಡಿಮೆ ದರದಲ್ಲಿ ಕಳಿಸುವ ಹಳೆಯ ಬುಕ್ ಪೋಸ್ಟ್ ನಿಂತಾಗ ನಮ್ಮಂಥವರಿಗೆ ದೊಡ್ಡ ಪೆಟ್ಟು ಬಿದ್ದಿತ್ತು. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಜ್ಞಾನ ಪೋಸ್ಟ್ ಆರಂಭಿಸಿತು; 300 ಗ್ರಾಂವರೆಗೆ 20 ರೂಪಾಯಿಯಿಂದ ದರ ಶುರು, ತೆರಿಗೆ ಬೇರೆ. ಯಾವ ಬಗೆಯ ಪುಸ್ತಕಕ್ಕೆ ಅದು ಅನ್ವಯಿಸುತ್ತದೆ ಎಂದು ನಿಮ್ಮ ಅಂಚೆ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಅಚ್ಚಾಗಿರಲೇಬೇಕು. ಒಂದು ಪ್ರತಿಗೆ ಒಳಗೆ ಪ್ಲಾಸ್ಟಿಕ್, ಹೊರಗೆ ಕಂದು ಕಾಗದ, ಮೂಲೆಗಳಿಗೆ ರಟ್ಟಿನ ತುಂಡು.

ನನ್ನ ಹಸ್ತಪ್ರತಿ ಓದಿ ಅಭಿಪ್ರಾಯ ಹೇಳುವಿರಾ?

ಮೇಳಗಳಿಲ್ಲದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓದುತ್ತೇನೆ. ಮೊದಲ 30 ಪುಟ ಕಳಿಸಿ, ಯೂನಿಕೋಡ್‌ನಲ್ಲಿರಲಿ. ಹಳೆಯ ಅಕ್ಷರವಿನ್ಯಾಸದಲ್ಲಿದ್ದರೆ ಪರಿವರ್ತಿಸುವಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ, ಒಮ್ಮೆ ನೀವೇ ಓದಿ ಸರಿಪಡಿಸಿ ಕಳಿಸಿ. ಉತ್ತರ ತಡವಾಗಬಹುದು, ಆದರೆ ಖಂಡಿತ ಬರೆಯುತ್ತೇನೆ.